ಜಿಮ್ಮೆಯಲ್ಲಿದ್ದ ಉಸಿರು

ಉಸ್ತಾದ್ ಬರ್ಸೂಮ್ ಕುರ್ಚಿಯ ಮೇಲೆ ಕೂರುವ ಮುನ್ನ ಅದರ ಮೇಲೊಮ್ಮೆ ಊದುತ್ತಿದ್ದರು. ಇದು ಕಫ್ರ್ ಗುಮ್ಮೇಜ ಪಟ್ಟಣದ ಸರ್ಕಾರಿ ಎದೆರೋಗ ಆಸ್ಪತ್ರೆಯಲ್ಲಿ ಯಾರೂ ಅಲ್ಲಗಳೆಯದ ಸಂಗತಿ. ಅವರು ಅಲ್ಲಿಗೆ ಉಗ್ರಾಣ ಪಾಲಕರಾಗಿ ಬಂದ ಹೊಸದರಲ್ಲಿ ಆ ಒಂದು ಊದಿಗೆ ಕುರ್ಚಿಯ ಧೂಳೆಲ್ಲ ಎದ್ದು, ಮೇಜು ದಾಟಿ, ಎದುರಿಗೆ ಕೂತ ಸಹಾಯಕ ಪಾಲಕ ರಗಬನ ಚಹಾ ಲೋಟದವರೆಗೆ ಹೋಗುತ್ತಿತ್ತು. ರಗಬ್ ಲೋಟದ ಬಾಯಿಗೆ ಅಂಗೈ ಮುಚ್ಚುತ್ತಿದ್ದ. ಅಂಗೈ ಮುಚ್ಚಿತೆಂದರೆ ಉಗ್ರಾಣ ತೆರೆಯಿತೆಂದೇ ಅರ್ಥ. ಹೊರಗೆ ಹತ್ತಿಗೋ ಬ್ಯಾಂಡೇಜಿಗೋ ಕಾದು ಕೂತ ದಾದಿಯರು ಆಗ ಎದ್ದು ನಿಲ್ಲುತ್ತಿದ್ದರು.

ಕಾಲಕ್ರಮೇಣ ಧೂಳಿನ ಪ್ರಯಾಣ ಮೊಟಕಾಯಿತು. ಮೊದಮೊದಲು ಮೇಜಿನ ನಡುವೆ ನಿಂತಿತು, ಆಮೇಲೆ ಮೇಜಿನ ಅಂಚಿಗೆ ಬಂತು. ಈ ಚಳಿಗಾಲದಲ್ಲಂತೂ ಕುರ್ಚಿಯಿಂದ ಒಂದು ಗೇಣು ಮೇಲೆದ್ದು, ಒಂದಿಷ್ಟು ಯೋಚಿಸಿ, ಮತ್ತೆ ಅಲ್ಲೇ ಕೂತುಬಿಡುತ್ತಿತ್ತು. ಬರ್ಸೂಮ್ ಊದುವುದನ್ನು ಎರಡು ಕಂತು ಮಾಡಿಕೊಂಡರು. ಕಂತುಗಳ ನಡುವೆ ಕುರ್ಚಿಯ ಬೆನ್ನು ಹಿಡಿದು, ಕಿಟಕಿಯಾಚೆ ಏನೋ ಇದೆ ಎಂಬಂತೆ ನೋಡುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ರಗಬ್ ಮಾತ್ರ ಹಿರಿಯರೆಂಬ ಮರ್ಯಾದೆಗೆ ಈಗಲೂ ಲೋಟಕ್ಕೆ ಅಂಗೈ ಮುಚ್ಚುತ್ತಿದ್ದ.

ಇದೇ ಬರ್ಸೂಮರ ಜಿಮ್ಮೆಯಲ್ಲಿ, ಅಂದರೆ ಸಹಿ ಹಾಕಿ ಹೊಣೆ ಹೊತ್ತ ವಸ್ತುಗಳಲ್ಲಿ, ಉಸಿರು ಪರೀಕ್ಷಿಸುವ ಯಂತ್ರವೊಂದಿತ್ತು. ಹೊರದೇಶವೊಂದು ಕಾಣಿಕೆಯಾಗಿ ಕೊಟ್ಟದ್ದು. ರೋಗಿ ಅದರ ಕೊಳವೆಗೆ ಬಾಯಿಟ್ಟು ಊದಿದರೆ ಎದೆಯ ಒಳದಾರಿಗಳು ಎಷ್ಟು ಬಾತುಕೊಂಡಿವೆಯೆಂದು ಅಂಕಿಯಲ್ಲಿ ಹೇಳುತ್ತದೆ. ಅಂಕಿ ನೋಡಿ ವೈದ್ಯರು ಸೇದುವ ಔಷಧಿಯನ್ನು ಏರಿಸುತ್ತಾರೆ, ಇಳಿಸುತ್ತಾರೆ. ಇಷ್ಟೆಲ್ಲ ಪೆಟ್ಟಿಗೆಯ ಮೇಲೆಯೇ ಬರೆದಿತ್ತು. ಪೆಟ್ಟಿಗೆ ಬಂದ ದಿನ ಬರ್ಸೂಮ್ ಅದಕ್ಕೆ ಸಹಿ ಹಾಕಿದರು, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದರು, ಬೀಗದ ಮೇಲೆ ಕೆಂಪು ಅರಗಿನ ಮುದ್ರೆ ಒತ್ತಿದರು. ಅಲ್ಲಿಂದಾಚೆಗೆ ಅದನ್ನು ಯಾರೂ ತೆಗೆಯಲಿಲ್ಲ. ಇದನ್ನು ಅಸಡ್ಡೆ ಎಂದುಕೊಂಡರೆ ತಪ್ಪಾಗುತ್ತದೆ. ಬಳಸಿದ ವಸ್ತು ಸವೆಯುತ್ತದೆ. ಸವೆದ ವಸ್ತುವಿಗೆ ಸಹಿ ಹಾಕಿದವನೇ ಹೊಣೆ. ಬಳಸದ ವಸ್ತುವಾದರೆ ಬಂದ ದಿನದ ಹಾಗೆಯೇ ಇರುತ್ತದೆ, ಸಹಿ ಹಾಕಿದವನೂ ನೆಮ್ಮದಿಯಾಗಿರುತ್ತಾನೆ.

ಬರ್ಸೂಮರಿಗೆ ನಿವೃತ್ತಿ ಹತ್ತಿರವಾಗಿತ್ತು. ನಿವೃತ್ತಿಯ ದಿನ ಜಿಮ್ಮೆಯ ಒಂದೊಂದು ವಸ್ತುವನ್ನೂ ಬಂದ ಸ್ಥಿತಿಯಲ್ಲೇ ಒಪ್ಪಿಸಿ, ಸರ್ಕಾರದ ಹದ್ದಿನ ಮುದ್ರೆ ಬಿದ್ದ, ಬಾಕಿ ಏನೂ ಇಲ್ಲವೆನ್ನುವ ಖುಲಾಸೆ ಪತ್ರ ಪಡೆಯಬೇಕು. ಖುಲಾಸೆ ಇಲ್ಲದಿದ್ದರೆ ಪಿಂಚಣಿ ಇಲ್ಲ. ಅವರಿಗಿಂತ ಹಿಂದಿದ್ದ ಪಾಲಕರ ಲೆಕ್ಕದಲ್ಲಿ ಒಂದು ಬಕೆಟ್ಟು ಕಮ್ಮಿ ಬಿತ್ತು. ಆ ಒಂದು ಬಕೆಟ್ಟಿಗಾಗಿ ಆ ಮಹಾಶಯರು ಸಾಯುವವರೆಗೂ ಆಸ್ಪತ್ರೆಗೆ ಅಲೆದರು. ಸತ್ತ ಮೇಲೆ ಬಕೆಟ್ಟು ಸಿಕ್ಕಿತು. ಪ್ರತಿ ಸಲ ಬಂದಾಗ ಅವರು ಬೋರಲು ಹಾಕಿಕೊಂಡು ಕೂತು ಕಾಯುತ್ತಿದ್ದುದು ಅದರ ಮೇಲೆಯೇ.

ಯಂತ್ರ ಬೀರುವಿನಲ್ಲಿ ಕ್ಷೇಮವಾಗಿದ್ದಾಗ ರೋಗಿಗಳ ಪರೀಕ್ಷೆ ನಿಂತಿತ್ತೆಂದು ಯಾರೂ ಭಾವಿಸಬಾರದು. ನಿರ್ದೇಶಕ ಡಾ. ಅಬುಲ್ ಫುತೂಹ್ ಆಗಲೇ ಸುತ್ತೋಲೆ ಹೊರಡಿಸಿದ್ದರು: ‘ಮುಂದಿನ ಆದೇಶದವರೆಗೆ ಮೇಣದಬತ್ತಿಯನ್ನೇ ಯಂತ್ರವೆಂದು ಭಾವಿಸತಕ್ಕದ್ದು. ರೋಗಿಯು ಒಂದು ಮಾರು ದೂರದಿಂದ ಊದತಕ್ಕದ್ದು. ಬತ್ತಿ ಆರಿದಲ್ಲಿ ರೋಗವಿರುವುದಿಲ್ಲ. ಆರದಿದ್ದಲ್ಲಿ ರೋಗಿಯು ಮತ್ತೊಮ್ಮೆ ಬರತಕ್ಕದ್ದು.’

ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಬೇಸಿಗೆಯಲ್ಲಿ ಪರೀಕ್ಷಾ ಕೊಠಡಿಯ ಫ್ಯಾನು ಹಾಕುವುದು ಅನಿವಾರ್ಯವಾದ್ದರಿಂದ, ರೋಗಿ ಬಾಯಿ ತೆರೆಯುವ ಮೊದಲೇ ಬತ್ತಿ ಆರಿ, ಇಡೀ ಪಟ್ಟಣ ಮೂರು ತಿಂಗಳು ಪೂರ್ತಿ ಆರೋಗ್ಯವಾಗಿರುತ್ತಿತ್ತು. ಇದಕ್ಕೆ ಪ್ರಾಂತ್ಯದಿಂದ ಪ್ರಶಂಸೆಯೂ ಬಂತು. ಭತ್ತದ ಹುಲ್ಲು ಸುಡುವ ಕಾಲದಲ್ಲಿ ಮಾತ್ರ ಊರೊಳಗೆಲ್ಲ ಹೊಗೆ ಕವಿದು ಮೇಣದಬತ್ತಿಯೇ ಕಾಣುತ್ತಿರಲಿಲ್ಲವಾಗಿ, ಪರೀಕ್ಷೆಯನ್ನು ಹೊಗೆ ತಿಳಿಯಾಗುವವರೆಗೆ ಮುಂದೂಡುತ್ತಿದ್ದರು.

ಹೀಗಿರುವಾಗ ಡಾ. ರಬಾಬ್ ಎಂಬ ಹೊಸ ವೈದ್ಯೆ ವರ್ಗವಾಗಿ ಬಂದಳು. ಇನ್ನೂ ಚಿಕ್ಕ ವಯಸ್ಸು, ಬಂದ ವಾರವೇ ಉಗ್ರಾಣದ ಬಾಗಿಲಿಗೆ ಬಂದು ನಿಂತಳು.

“ಉಸ್ತಾದ್ರೇ, ಆ ಉಸಿರಿನ ಯಂತ್ರ ಕೊಡ್ತೀರಾ?”

“ಕೊಡೋಣಮ್ಮ, ಅದಕ್ಕೇನಂತೆ. ಏನಕ್ಕೆ ಬೇಕಿತ್ತು?”

“ಊದಿಸೋಕೆ.”

ಬರ್ಸೂಮ್ ಕನ್ನಡಕ ತೆಗೆದರು. “ಯಾರ ಕೈಲಿ?”

“ರೋಗಿಗಳ ಕೈಲಿ.”

“ರೋಗಿಗಳ ಕೈಲಾ! ಡಾಕ್ಟರಮ್ಮ, ನೀವಿನ್ನೂ ಚಿಕ್ಕೋರು, ನಿಮಗೆ ಗೊತ್ತಾಗಲ್ಲ. ಅವರು ಕೆಮ್ತಾರೆ.”

“ಕೆಮ್ತಾರೆ ಅಂತಾನೇ ಅಲ್ವೇನ್ರೀ ಅವರು ಇಲ್ಲಿಗೆ ಬರೋದು?”

“ಅದನ್ನೇ ನಾನೂ ಹೇಳ್ತಿರೋದು. ಯಾರಾದ್ರೂ ಒಳ್ಳೇ ಆರೋಗ್ಯವಂತರಿದ್ರೆ ಕರ್ಕೊಂಡು ಬನ್ನಿ, ಯೋಚನೆ ಮಾಡೋಣ.”

ಹೊರಗಿನ ಬೆಂಚಿನಿಂದ ನಗು ಕೇಳಿಸಿತು. ಆಸ್ಪತ್ರೆಯ ಗೇಟಿನೆದುರು ತಾಮಿಯಾ ವಡೆ ಕರಿಯುವ ಉಮ್ಮ್ ಹಾಶಿಮ್ ಅಲ್ಲಿ ಕೂತಿದ್ದಳು. ಬಾಣಲೆಯ ಹೊಗೆ ಕುಡಿದು ಕುಡಿದು ಅವಳ ಎದೆ ಕೆಟ್ಟಿತ್ತು, ಬಾಯಿ ಮಾತ್ರ ಕೆಟ್ಟಿರಲಿಲ್ಲ.

“ಡಾಕ್ಟರಮ್ಮ, ಆ ಬೀರು ಮುಂದೆ ನಿಂತು ನಾನು ಮುದುಕಿಯಾದೆ. ನಮ್ಮ ಉಸ್ತಾದ್ರು ಮಗಳನ್ನ ಬೇಕಾದ್ರೆ ಕೊಟ್ಬಿಡ್ತಾರೆ, ಯಂತ್ರ ಕೊಡಲ್ಲ.”

“ನನಗೆ ಮಗಳಿಲ್ಲ,” ಎಂದರು ಬರ್ಸೂಮ್.

“ಇದ್ದಿದ್ರೆ ಅವಳಿಗೂ ಅರಗು ಒತ್ತಿರ್ತಿದ್ರಿ!”

ರಬಾಬಳ ಗಮನ ಬೇರೆಡೆಗೆ ಹೋಗಿತ್ತು. ಬರ್ಸೂಮ್ ಮಾತಾಡಿ ನಿಲ್ಲಿಸಿದ ಮೇಲೆಯೂ ಅವರ ಅಂಗಿಯೊಳಗಿನಿಂದ ಏನೋ ಮಾತಾಡುತ್ತಲೇ ಇತ್ತು. “ಉಸ್ತಾದ್ರೇ, ನಿಮ್ಮ ಎದೆ ಸಿಳ್ಳೆ ಹಾಕ್ತಿದೆಯಲ್ರೀ. ಮೊದಲು ನೀವೇ ಒಂದ್ಸಲ ಊದಬೇಕು.”

“ನನಗೇನಾಗಿದೆ? ಎದೆ ನೆಟ್ಟಗಿದೆ. ಈ ಉಗ್ರಾಣದ ಮೆಟ್ಟಿಲೇ ಸರಿಯಿಲ್ಲ. ವರ್ಷದಿಂದ ವರ್ಷಕ್ಕೆ ಎತ್ತರ ಆಗ್ತಿವೆ.”

“ಮೆಟ್ಟಿಲಾ?”

“ಸಿಮೆಂಟಿನವು ಅಮ್ಮಾ. ತೇವ ಕುಡಿದು ಉಬ್ಬುತ್ತವೆ.”

“ನನಗೂ ಹಾಗೇ ಅನ್ಸಿದೆ,” ಎಂದ ರಗಬ್, ಚಹಾ ಲೋಟದಿಂದ ಕಣ್ಣೆತ್ತದೆ. ಅವನು ಆ ಮೆಟ್ಟಿಲನ್ನು ಓಡಿಕೊಂಡು ಹತ್ತುವವನು.

ಬರ್ಸೂಮರ ಹೆಂಡತಿ ಇನ್ಸಾಫ್ ಮೆಟ್ಟಿಲಿನ ಮಾತನ್ನು ನಂಬಿರಲಿಲ್ಲ. ಅವರ ಮನೆ ನೆಲದಂತಸ್ತಿನಲ್ಲಿತ್ತು. ಬೆಳಿಗ್ಗೆ ಅವರೆಕಾಳಿನ ಬಟ್ಟಲು ಮುಂದಿಟ್ಟು ಅವಳು ದಿನವೂ ಅದೇ ರಾಗ ತೆಗೆಯುತ್ತಿದ್ದಳು.

“ಯಂತ್ರ ಇರೋದು ನಿನ್ನ ಬೀರುವಿನಲ್ಲೇ. ಒಂದ್ಸಲ ತೆಗೆದು ಊದಿ ಇಟ್ಬಿಡು ಮುದುಕಾ.”

“ಮುದ್ರೆ ಇದೆ ಕಣೇ.”

“ಮುದ್ರೆ ಯಾರದ್ದು?”

“ನಂದೇ.”

“ಮತ್ತೇನು?”

“ಅದಕ್ಕೇ ಒಡೆಯೋಕಾಗಲ್ಲ. ಬೇರೆಯವರದ್ದಾಗಿದ್ರೆ ಒಂದು ಮಾತು.” ಬರ್ಸೂಮ್ ರೊಟ್ಟಿ ಮುರಿದು, ಉಸಿರು ತೆಗೆದುಕೊಂಡು, ಮುಂದುವರಿಸಿದರು. “ಇಷ್ಟು ದಿನ ತಡೆದಿದೀನಿ, ಇನ್ನೊಂಚೂರು. ಖುಲಾಸೆ ಕೈಗೆ ಬರಲಿ. ಆಮೇಲೆ ಜಿಮ್ಮೆ ರಗಬಂದು, ನಾನು ಬರೀ ರೋಗಿ. ಹೋಗಿ ಕೂತು ನೆಮ್ಮದಿಯಾಗಿ ಊದ್ತೀನಿ. ಬೇಡ ಬೇಡ ಅನ್ನೋವರೆಗೂ ಊದ್ತೀನಿ.”

ಅಷ್ಟರಲ್ಲಿ ಪ್ರಾಂತ್ಯದ ಕಚೇರಿಯಿಂದ ‘ಸ್ವಚ್ಛ ಶ್ವಾಸ ಅಭಿಯಾನ’ದ ಆದೇಶ ಬಂತು. ಪ್ರತಿ ಎದೆರೋಗ ಆಸ್ಪತ್ರೆಯೂ ಗೊತ್ತುಪಡಿಸಿದ ದಿನದಂದು ಯಂತ್ರದಿಂದಲೇ ಸಾರ್ವಜನಿಕರ ಉಸಿರು ಅಳೆಯತಕ್ಕದ್ದು. ಉಪಕಾರ್ಯದರ್ಶಿಗಳು ಖುದ್ದು ಹಾಜರಿರುವರು. ಮೇಣದಬತ್ತಿಯ ಬಗ್ಗೆ ಆದೇಶದಲ್ಲಿ ಒಂದಕ್ಷರವೂ ಇರಲಿಲ್ಲ. ನಿರ್ದೇಶಕರು ವಿಧಿಯಿಲ್ಲದೆ ಅರಗು ಒಡೆಯುವ ಸಮಿತಿ ನೇಮಿಸಿದರು: ರಗಬ್, ಆಸ್ಪತ್ರೆಯ ಲೆಕ್ಕಿಗ, ಮತ್ತು ಮೂರನೆಯವರಾಗಲು ಬೇರೆ ಯಾರಿಗೂ ಬಿಡುವಿಲ್ಲದ ಕಾರಣ ತೋಟದ ಮಾಲಿ. ಸಮಿತಿಯು ಅರಗು ಒಡೆಯಿತು. ಬರ್ಸೂಮ್ ಕಿಟಕಿಯ ಕಡೆ ತಿರುಗಿ ನಿಂತರು. ಅವರ ಕೈಲಿ ಅದನ್ನು ನೋಡಲಾಗಲಿಲ್ಲ.

ಪೆಟ್ಟಿಗೆಯಲ್ಲಿ ಯಂತ್ರದ ಜೊತೆಗೆ ರಟ್ಟಿನ ಬಾಯಿಕೊಳವೆಗಳ ದೊಡ್ಡ ಕಟ್ಟಿತ್ತು. ಒಬ್ಬೊಬ್ಬ ರೋಗಿಗೂ ಹೊಸದೊಂದು, ಊದಿ ಬಿಸಾಡುವಂಥದ್ದು. ಆದರೆ ಬಂದ ಕಾಲಕ್ಕೆ ಅವನ್ನು ಉಗ್ರಾಣದಲ್ಲಿ ‘ಶಾಶ್ವತ ವಸ್ತು’ ಎಂಬ ವರ್ಗಕ್ಕೆ ಸೇರಿಸಲಾಗಿತ್ತು. ಮಂಚ, ಬೀರು, ಗೋಡೆ ಗಡಿಯಾರ ಇರುವ ವರ್ಗ.

“ಬಿಸಾಡೋದಾ?” ಬರ್ಸೂಮ್ ರಬಾಬಳನ್ನು ಕರುಣೆಯಿಂದ ನೋಡಿದರು. “ಗೋಡೆ ಗಡಿಯಾರನ ಒಂದ್ಸಲ ಟೈಮು ನೋಡಿ ಬಿಸಾಡ್ತೀರಾ?”

“ಅದು ರಟ್ಟು ಕಣ್ರೀ! ಒಬ್ರ ಎಂಜಲು ಇನ್ನೊಬ್ರಿಗೆ ಕೊಡೋಕಾಗುತ್ತಾ?”

“ಕೊಡಿ ಅಂತ ಯಾರಂದ್ರು? ಶಾಶ್ವತ ವಸ್ತು ಕೆಟ್ಟೋದ್ರೆ ಕೆಟ್ಟಿದೆ ಅಂತ ಸಮಿತಿ ನೋಡಿ ಬರೆಯುತ್ತೆ. ಬರೆದ ಮೇಲೆ ಅದು ಕೆಟ್ಟ ಶಾಶ್ವತ ವಸ್ತು. ಮೂಟೆ ಕಟ್ಟಿ ನನ್ನ ಜಿಮ್ಮೆಗೇ ಕೊಡಿ.”

ಹೀಗೆ ಅರಗು ಒಡೆಯುವ ಸಮಿತಿಗೆ ಕೊಳವೆ ಕೆಡಿಸುವ ಅಧಿಕಾರವನ್ನೂ ವಹಿಸಲಾಯಿತು.

ಪರೀಕ್ಷೆಗೆ ಗೊತ್ತಾದ ದಿನ ಶಮ್ಮುನ್ನಸೀಮ್ ಹಬ್ಬದ ಮಾರನೆಯ ದಿನವಾಗಿತ್ತು. ವಸಂತದ ಗಾಳಿ ಕುಡಿಯಲು ಊರಿಗೆ ಊರೇ ಕಾಲುವೆಯ ದಂಡೆಗೆ ಹೋಗಿ, ಹುಳಿಸಿದ ಉಪ್ಪುಮೀನು, ಹಸಿ ಈರುಳ್ಳಿ, ಬಣ್ಣದ ಮೊಟ್ಟೆ, ಜೊತೆಗೆ ತೋಳ್ತೆಕ್ಕೆ ಲೆಟಿಸ್ ಸೊಪ್ಪು ತಿಂದು ಬರುವ ಹಬ್ಬ. ಇಲ್ಲಿ ರಬಾಬ್ ಒಂದು ತಕರಾರು ತೆಗೆದಳು. ಹಿಂದಿನ ದಿನ ಹಸಿಸೊಪ್ಪು ತಿಂದರೆ, ಎದೆ ನೆಟ್ಟಗಿದ್ದವರ ಅಂಕಿಯೂ ಏರಿಬಿಡುತ್ತದೆ. ಆದ್ದರಿಂದ ‘ಪರೀಕ್ಷೆಗೆ ಬರುವವರು ಹಿಂದಿನ ದಿನ ಲೆಟಿಸ್ ತಿನ್ನಬಾರದು’ ಎಂದು ಪ್ರಕಟಣೆ ಬರೆದುಕೊಂಡು ನಿರ್ದೇಶಕರ ಬಳಿ ಹೋದಳು.

ಡಾ. ಅಬುಲ್ ಫುತೂಹ್ ಓದಿ ಬೆವರು ಒರೆಸಿಕೊಂಡರು. “ಮಗಳೇ, ಶಮ್ಮುನ್ನಸೀಮ್ ದಿನ ಲೆಟಿಸ್ ತಿನ್ನಬೇಡಿ ಅಂತ ಈ ದೇಶದಲ್ಲಿ ಫರೋಹನೂ ಹೇಳಿಲ್ಲ.”

“ಹಾಗಾದ್ರೆ ಪರೀಕ್ಷೆ ದಿನಾಂಕ ಬದಲಾಯಿಸಿ ಸಾರ್.”

“ದಿನಾಂಕ ಮೇಲಿಂದ ಬಂದಿದೆ.”

“ಹಬ್ಬ?”

“ಅದು ಇನ್ನೂ ಮೇಲಿಂದ ಬಂದಿದೆ.”

ಸಾರ್ವಜನಿಕರ ಭಾವನೆಗಳನ್ನು ಗಮನದಲ್ಲಿಟ್ಟು ಪ್ರಕಟಣೆಯನ್ನು ತಿದ್ದಲಾಯಿತು. ಗೇಟಿನ ಮೇಲೆ ಅಂಟಿಸಿದ ಪ್ರತಿಯಲ್ಲಿ ಹೀಗಿತ್ತು: ‘ಪರೀಕ್ಷೆಗೆ ಬರುವವರು ಲೆಟಿಸ್ ಸೊಪ್ಪನ್ನು ಚೆನ್ನಾಗಿ ತೊಳೆದು ತಿನ್ನತಕ್ಕದ್ದು.’ ಆಸ್ಪತ್ರೆಯೇ ಹೇಳಿದ ಮೇಲೆ ಜನ ಆ ವರ್ಷ ಇನ್ನೂ ಒಂದು ಕಟ್ಟು ಹೆಚ್ಚಿಗೇ ತಿಂದರು.

ಕಾಲುವೆಯ ದಂಡೆಯಲ್ಲಿ ಬರ್ಸೂಮ್ ಒಂದೆಲೆಯನ್ನೂ ಮುಟ್ಟಲಿಲ್ಲ. ಇನ್ಸಾಫ್ ಕಣ್ಣಿಗೆ ಅದು ಬಿತ್ತು. “ಯಾಕೆ? ನಾಳೆ ನೀನೇನು ಊದ್ತೀಯಾ?”

“ಇಲ್ಲ. ನಾನೆಲ್ಲಿ ಊದೋದು.”

“ಮತ್ತೆ ತಿನ್ನೋದಕ್ಕೇನು ಧಾಡಿ?”

“ಊರಲ್ಲಿ ಯಾರಾದ್ರೂ ಒಬ್ರು ತಿನ್ನದೇ ಇರಬೇಕಲ್ಲವೇನೇ,” ಎಂದು ಬರ್ಸೂಮ್ ತಮ್ಮ ಪಾಲಿನ ಸೊಪ್ಪನ್ನು ಪಕ್ಕದ ಚಾಪೆಯವರ ಕತ್ತೆಗೆ ತಿನ್ನಿಸಿದರು.

ಮಾರನೆಯ ದಿನ ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಎದ್ದಿತು. ಮೊದಲು ಊದಿದವಳು ಉಮ್ಮ್ ಹಾಶಿಮ್. ಯಂತ್ರದ ತೆರೆಯ ಮೇಲೆ ಒಂದು ಪುಟ್ಟ ಮೋಡ ಮೂಡಿತು.

“ಮೆಲ್ಲಗೆ ಊದಬೇಕು,” ಎಂದಳು ರಬಾಬ್. “ಒಂದೇ ಸಮ. ಮೋಡ ಮೇಲಕ್ಕೂ ಹಾರಬಾರದು, ಕೆಳಕ್ಕೂ ಬೀಳಬಾರದು.”

“ಅಯ್ಯೋ ನನ್ನ ಕಣ್ಣೇ, ಒಲೆ ಊದಿದೀನಿ, ಗಂಡನ ಮೇಲೆ ಉರಿದು ಬಿದ್ದಿದೀನಿ. ಮೆಲ್ಲಗೆ ಊದು ಅಂತ ಹುಟ್ಟಿದಾಗಿಂದ ಇದೇ ಮೊದಲು ಕೇಳ್ತಿರೋದು.” ಮೂರು ಸಲ ಮೋಡವನ್ನು ತೆರೆಯಾಚೆ ಓಡಿಸಿ, ನಾಲ್ಕನೆಯ ಸಲ ಅವಳು ಸರಿಯಾಗಿ ಊದಿದಳು.

ಕೂಡಲೇ ಸಮಿತಿ ಕೊಳವೆಯನ್ನು ಕೈಗೆತ್ತಿಕೊಂಡಿತು.

“ಇದರೊಳಗೆ ಊದಲಾಗಿದೆಯೆ?” ಎಂದು ಲೆಕ್ಕಿಗ ಕೇಳಿದ.

“ಊದಲಾಗಿದೆ,” ಎಂದ ರಗಬ್.

“ಪುನಃ ಊದಲು ಯೋಗ್ಯವೆ?”

“ಅಲ್ಲ.”

“ಕಾರಣ?”

“ಊದಲಾಗಿದೆ.”

ಮಾಲಿ ಹೆಬ್ಬೆಟ್ಟು ಒತ್ತಿದ. ಕೊಳವೆ ಮೂಟೆ ಸೇರಿತು. ಆ ಮೇಲೆ ಎರಡನೆಯವರನ್ನು ಕರೆಯಲಾಯಿತು.

ಅಂಕಿ ಇಪ್ಪತ್ತೈದರ ಒಳಗಿದ್ದರೆ ನೆಮ್ಮದಿ, ಐವತ್ತು ದಾಟಿದರೆ ಎದೆಯೊಳಗೆ ಊತ ಎಂದು ರಬಾಬ್ ಹಲಗೆಯ ಮೇಲೆ ಬರೆದಿದ್ದಳು. ಉಮ್ಮ್ ಹಾಶಿಮ್ ಐವತ್ತು ದಾಟಿದಳು. ಕ್ಷೌರಿಕ ದಾಟಿದ. ಪಟ್ಟಣದ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ದಾಟಿದ. ಅವನ ಹಿಂದೆ ನಿಂತಿದ್ದ ಇಡೀ ತಂಡವೇ ದಾಟಿತು. ಬೆಳಗಿನ ಆಜಾನಿನ ದನಿ ಕಾಲುವೆಯಾಚೆಗೂ ಕೇಳುವ ಮುಅಜ್ಜಿನ್ ದಾಟಿದರು, ದನಿ ಅಷ್ಟಿಲ್ಲದ ಪಾದ್ರಿಗಳೂ ದಾಟಿದರು. ಕೊನೆಗೆ ಉಪಕಾರ್ಯದರ್ಶಿಗಳು ಕ್ಯಾಮೆರಾ ಕಡೆ ನೋಡುತ್ತ ಊದಿದರು. ಅವರ ಅಂಕಿ ಎಲ್ಲರಿಗಿಂತ ಮೇಲೆ ಬಂತು. ಅವರ ಹುದ್ದೆಗೆ ಅದೇ ತಕ್ಕದ್ದೆಂದು ಸಭೆಗೆ ಅನ್ನಿಸಿತು. ನಿರ್ದೇಶಕರ ಅಂಕಿ ಅದಕ್ಕೂ ಸ್ವಲ್ಪ ಮೇಲಿತ್ತಾದ್ದರಿಂದ, ಅದು ಇಳಿಯುವವರೆಗೆ ಅವರು ಮತ್ತೆ ಮತ್ತೆ ಊದಿದರು.

ರಬಾಬ್ ತಡೆಯಲಾರದೆ ಉಪಕಾರ್ಯದರ್ಶಿಗಳ ಮುಂದೆ ನಿಂತಳು. “ಸಾರ್, ಇವರಲ್ಲಿ ನಿಜವಾದ ರೋಗಿಗಳು ಕೈಬೆರಳಲ್ಲಿ ಎಣಿಸುವಷ್ಟು. ಉಳಿದದ್ದೆಲ್ಲ ಲೆಟಿಸ್.”

“ಲೆಟಿಸ್ ನಮ್ಮ ಅಭಿಯಾನದಲ್ಲಿ ಇಲ್ಲ.”

“ಎರಡು ದಿನ ಸೊಪ್ಪು ಬಿಟ್ಟು ಇನ್ನೊಂದ್ಸಲ ಊದಿಸೋಣ ಸಾರ್.”

“ಅಭಿಯಾನ ಇವತ್ತಿಗೆ ಮುಗಿಯುತ್ತಮ್ಮ. ನೀವು ಒಳ್ಳೇ ಹುಡುಗಿ. ಒಂದೇ ದಿನದಲ್ಲಿ ಇಷ್ಟು ರೋಗ ಪತ್ತೆ ಮಾಡಿದೀರಿ, ಅದನ್ನ ಯಾಕೆ ಹಾಳು ಮಾಡ್ಕೋತೀರಿ?”

ಸಂಜೆಯೊಳಗೆ ಕಫ್ರ್ ಗುಮ್ಮೇಜ ಇಡೀ ಪ್ರಾಂತ್ಯದಲ್ಲೇ ಅತಿ ಹೆಚ್ಚು ಉಬ್ಬಸ ಪತ್ತೆಯಾದ ಪಟ್ಟಣವೆಂದು ಘೋಷಣೆಯಾಯಿತು. ಜನ ಪಟಾಕಿ ಹೊಡೆದರು. ಹೊಗೆಗೆ ಯಾರೂ ಕೆಮ್ಮಲಿಲ್ಲ. ಎಲ್ಲರಿಗೂ ಉಬ್ಬಸದ ಪ್ರಮಾಣಪತ್ರವೂ ಸೇದುವ ಔಷಧಿಯೂ ಸಿಕ್ಕವು. ಪ್ರಮಾಣಪತ್ರ ತೋರಿಸಿದರೆ ರೊಟ್ಟಿಯಂಗಡಿಯ ಸಾಲಿನಲ್ಲಿ ಮುಂದೆ ಬಿಡಬೇಕೆಂಬ ನಿಯಮ ಬಂತು. ಎಲ್ಲರ ಹತ್ತಿರವೂ ಇದ್ದುದರಿಂದ ಸಾಲು ಮೊದಲಿನಂತೆಯೇ ಇತ್ತು. ಗೋಲ್‌ಕೀಪರ್ ತನ್ನ ಔಷಧಿಯನ್ನು ಬಹುಮಾನದ ಬಟ್ಟಲುಗಳ ಪಕ್ಕ ಗಾಜಿನ ಕಪಾಟಿನಲ್ಲಿಟ್ಟ. ನಿಜವಾಗಿ ಬೇಕಾದವಳು ಉಮ್ಮ್ ಹಾಶಿಮ್. ರಬಾಬ್ ಅವಳ ಎದೆಗೆ ಕಿವಿಗೊಟ್ಟು, ಹೇಗೆ ಸೇದಬೇಕೆಂದು ತೋರಿಸಿಕೊಟ್ಟಳು. ವಾರ ಕಳೆಯುವುದರೊಳಗೆ ಅವಳು ಉಸಿರಿಗೆ ನಿಲ್ಲದೆ ಗಿರಾಕಿಗಳನ್ನು ಬೈಯತೊಡಗಿದಳು.

ಊರಿನಲ್ಲಿ ಊದದೆ ಉಳಿದವರು ಬರ್ಸೂಮ್ ಒಬ್ಬರೇ. ಅವತ್ತು ರಬಾಬ್ ಕೊಳವೆಯನ್ನು ಅವರ ಬಾಯಿಯವರೆಗೂ ತಂದಿದ್ದಳು. ಅವರು ಕೈಯಿಂದ ಸರಿಸಿ, ಜಿಮ್ಮೆದಾರನು ಜಿಮ್ಮೆಯ ವಸ್ತುವಿ‌ನಿಂದ ಸ್ವಂತಕ್ಕೆ ಲಾಭ ಪಡೆಯತಕ್ಕದ್ದಲ್ಲವೆಂಬ ನಿಯಮವನ್ನು ಬಾಯಿಪಾಠ ಒಪ್ಪಿಸಿದ್ದರು, ನಡುವೆ ಎರಡು ಸಲ ನಿಂತು. ಅಂಕಿಯಿಲ್ಲದ ಕಾರಣ ವರದಿಯಲ್ಲಿ ಅವರು ಪಟ್ಟಣದ ಏಕೈಕ ಆರೋಗ್ಯವಂತರೆಂದು ನಮೂದಾದರು. ಸನ್ಮಾನಕ್ಕೆ ವೇದಿಕೆಗೆ ಕರೆದಾಗ ಅವರು ಹತ್ತಿ ಬರುವಷ್ಟರಲ್ಲಿ ಚಪ್ಪಾಳೆ ಎರಡು ಸಲ ಮುಗಿದು ಮೂರನೆಯ ಸಲ ಶುರುವಾಗಿತ್ತು.

ಗೇಟಿನ ಹತ್ತಿರ ಉಮ್ಮ್ ಹಾಶಿಮ್ ಅವರನ್ನು ತಡೆದಳು. ಕೈಯಲ್ಲಿ ಅವಳ ಔಷಧಿ. “ತಗೊಳ್ಳಿ ಉಸ್ತಾದ್ರೇ, ನನ್ನದ್ರಲ್ಲೇ ಒಂದು ದಮ್ಮು ಎಳೀರಿ. ಮುಖ ನೋಡೋಕಾಗ್ತಿಲ್ಲ.”

“ನಿಮ್ಮ ಹೆಸರಿಗೆ ಬಂದ ಔಷಧಿ ತಾಯಿ. ನಾನು ಎಳೆದ್ರೆ ನಿಮ್ಮ ಲೆಕ್ಕದಲ್ಲಿ ಕೊರತೆ ಬರುತ್ತೆ.”

“ಕೊರತೆ ಬಂದಿರೋದು ನಿಮ್ಮ ಎದೇಲಿ! ನನ್ನ ಲೆಕ್ಕ ನನ್ನ ಗಂಡನೇ ಕೇಳಲಿಲ್ಲ.”

“ಇನ್ನೊಂದೇ ವಾರ,” ಎಂದರು ಬರ್ಸೂಮ್. “ಖುಲಾಸೆ ಆಗಿಬಿಡಲಿ.”

ಖುಲಾಸೆಗೆ ಪ್ರಾಂತ್ಯದಿಂದ ತಪಾಸಣಾಧಿಕಾರಿ ಬಂದ. ಮಂಚಗಳು ಸರಿಯಿದ್ದವು. ಗಡಿಯಾರ ನಿಂತಿತ್ತಾದರೂ ಇತ್ತು. ಬಕೆಟ್ಟುಗಳನ್ನು ಬರ್ಸೂಮ್ ಸಾಲಾಗಿ ಜೋಡಿಸಿ, ಯಾರೂ ಕೂರದಂತೆ ಹಗ್ಗ ಕಟ್ಟಿದ್ದರು. ಕೆಟ್ಟ ಶಾಶ್ವತ ಕೊಳವೆಗಳ ಮೂಟೆಯೂ ಒಪ್ಪಿತವಾಯಿತು. ಕೊನೆಗೆ ಅಧಿಕಾರಿ ಯಂತ್ರದ ಗುಂಡಿ ಒತ್ತಿದ. ತೆರೆಯ ಮೇಲೆ ಅಂಕಿಗಳು ಒಂದರ ಹಿಂದೊಂದು ಇಳಿದು ಬರತೊಡಗಿದವು.

“ಇದೇನಿದು?”

“ಜನರ ಅಂಕಿಗಳು,” ಎಂದಳು ರಬಾಬ್. “ಊದಿದ್ದನ್ನೆಲ್ಲ ಯಂತ್ರ ನೆನಪಿಟ್ಟುಕೊಳ್ಳುತ್ತೆ.”

“ಯಂತ್ರ ಬಂದಾಗ ಇದು ಒಳಗಿತ್ತಾ?”

“ಆಗ ಖಾಲಿ ಇತ್ತು.”

ಅಧಿಕಾರಿ ಪೆನ್ನು ಕೆಳಗಿಟ್ಟ. “ಹಾಗಾದ್ರೆ ಹೆಚ್ಚುವರಿ.”

ಕೊರತೆಯಾದರೆ ದಂಡ ಕಟ್ಟಿ ತೀರಿಸಬಹುದು. ಹೆಚ್ಚುವರಿ ಎಂದರೆ ಎಲ್ಲಿಂದ ಬಂತು, ಯಾಕೆ ಬಂತು, ಯಾರು ಯಾವ ಉದ್ದೇಶಕ್ಕೆ ತಂದಿಟ್ಟರು ಎಂಬ ವಿಚಾರಣೆ; ಅದು ಮುಗಿದದ್ದನ್ನು ಆ ಪ್ರಾಂತ್ಯದಲ್ಲಿ ಯಾರೂ ಕಂಡವರಿಲ್ಲ. ಬರ್ಸೂಮ್ ಬೀರುವಿಗೆ ಒರಗಿದರು. ಅವರ ಎದೆಯ ಸಿಳ್ಳೆಯೊಂದೇ ಕೇಳುತ್ತಿತ್ತು.

“ಅದಕ್ಕೇನು, ಅಳಿಸಿಬಿಡೋಣ,” ಎಂದು ರಬಾಬ್ ಕೈ ಚಾಚಿದಳು.

“ಅಳಿಸೋದಾ!” ಅಧಿಕಾರಿ ಯಂತ್ರವನ್ನು ಎದೆಗವಚಿಕೊಂಡ. “ಸರ್ಕಾರಿ ಯಂತ್ರದೊಳಗಿರೋದು ಸರ್ಕಾರಿ ಸ್ವತ್ತು ಕಣಮ್ಮ.”

ಆಗ ಬರ್ಸೂಮರಿಗೆ ಹೊಳೆಯಿತು. ವೃತ್ತಿಜೀವನದ ಉದ್ದಕ್ಕೂ ಕೂಡಿಟ್ಟ ಬುದ್ಧಿಯೆಲ್ಲ ಆ ಒಂದು ಗಳಿಗೆಗೇ ಕಾಯುತ್ತಿದ್ದ ಹಾಗಿತ್ತು. ಅವರು ನೆಟ್ಟಗೆ ನಿಂತು, ತುಂಡು ತುಂಡಾಗಿ, ಆದರೆ ಒಂದಕ್ಷರವೂ ತಪ್ಪದೆ ಹೇಳಿ ಬರೆಸಿದರು: “ಪಟ್ಟಣದ ನಾಗರಿಕರು ಸ್ವಇಚ್ಛೆಯಿಂದ ಸರ್ಕಾರಕ್ಕೆ ದಾನವಾಗಿ ನೀಡಿದ ಉಸಿರು. ಒಟ್ಟು ಸಂಗ್ರಹ ಒಂದು. ವರ್ಗ, ಶಾಶ್ವತ. ಸ್ಥಿತಿ, ಉತ್ತಮ. ದಾನಿಗಳ ಉಸಿರಿನೊಂದಿಗೆ ಅನ್ಯರ ಉಸಿರು ಬೆರೆಯದಂತೆ, ಯಂತ್ರಕ್ಕೆ ಮುದ್ರೆ ಹಾಕಿ, ಇನ್ನು ಮುಂದೆ ಅದರೊಳಗೆ ಯಾರೂ ಊದದಂತೆ ಕಾಯತಕ್ಕದ್ದು.”

ಅಧಿಕಾರಿ ಎದ್ದು ಬಂದು ಅವರ ಹಣೆಗೆ ಮುತ್ತಿಟ್ಟ. ನಿರ್ದೇಶಕರ ಕಣ್ಣು ಒದ್ದೆಯಾಯಿತು. ಇಂಥ ಪಾಲಕ ಇನ್ನು ಹುಟ್ಟಿ ಬರುವುದಿಲ್ಲವೆಂದು ಲೆಕ್ಕಿಗ ಹೇಳಿದ. ಮಾಲಿ ಕೇಳುವ ಮೊದಲೇ ಹೆಬ್ಬೆಟ್ಟು ಒತ್ತಿದ. ಹದ್ದಿನ ಮುದ್ರೆ ಖುಲಾಸೆಯ ಮೇಲೆ ಬಿತ್ತು.

ರಬಾಬ್ ಒಬ್ಬಳೇ ಬರ್ಸೂಮರನ್ನು ನೋಡುತ್ತಿದ್ದಳು. “ಉಸ್ತಾದ್ರೇ, ಈಗ ನೀವು ಬರೆಸಿದ್ದೇನು ಅಂತ ಗೊತ್ತಾಯ್ತಾ?”

“ಗೊತ್ತಿಲ್ಲದೇ ಏನಮ್ಮ? ಖುಲಾಸೆ,” ಎಂದು ಬರ್ಸೂಮ್ ಪತ್ರವನ್ನು ಎದೆಯ ಜೇಬಿಗೆ ಸೇರಿಸಿ, ಅದರ ಮೇಲೆ ಕೈಯಿಟ್ಟು, ಚಳಿಗಾಲದಿಂದೀಚೆಗೆ ಮೊದಲ ಸಲ ನಕ್ಕರು. ನಗು ಕೆಮ್ಮಾಯಿತು. ಎಲ್ಲರೂ ಬಸ್ಬೂಸಾ ಸಿಹಿ ತಿಂದರು.

ಆಸ್ಪತ್ರೆಯಲ್ಲಿ ಮೇಣದಬತ್ತಿ ಮತ್ತೆ ಜಾರಿಗೆ ಬಂತು, ಬೇಸಿಗೆ ಶುರುವಾಗಿದ್ದರಿಂದ ಫ್ಯಾನೂ ಬಂತು. ಜನ ಬತ್ತಿಯ ಪ್ರಕಾರ ಆರೋಗ್ಯವಂತರೂ ಪ್ರಮಾಣಪತ್ರದ ಪ್ರಕಾರ ರೋಗಿಗಳೂ ಆಗಿ ಎರಡೂ ಅನುಕೂಲಗಳನ್ನು ಪಡೆದುಕೊಂಡರು. ಯಾರ ತಕರಾರೂ ಇರಲಿಲ್ಲ. ಸೇದುವ ಔಷಧಿಗೆ ಮಾತ್ರ ಹೊಸ ನಿಯಮ ಬಂದಿತ್ತು: ಯಂತ್ರದ ಅಂಕಿಯಿಲ್ಲದೆ ಹೊಸಬರಿಗೆ ಕೊಡತಕ್ಕದ್ದಲ್ಲ. ಊರಿನಲ್ಲಿ ಹೊಸಬರೆಂದು ಉಳಿದಿದ್ದವರು ಒಬ್ಬರೇ ಆದ್ದರಿಂದ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಒಂದು ಬೆಳಿಗ್ಗೆ ಬರ್ಸೂಮ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಸ್ಪತ್ರೆಗೆ ಬಂದರು. ಕೆಲವು ದಿನಗಳಿಂದ ಲೆಟಿಸ್ ಬಿಟ್ಟಿದ್ದರು, ಬೆಳಗಿನ ಕಾಫಿಯನ್ನೂ ಬಿಟ್ಟು ಬಂದಿದ್ದರು. ಎಲ್ಲ ರಬಾಬ್ ಹೇಳಿದ ಹಾಗೆ. ಮೆಟ್ಟಿಲ ತಿರುವಿನಲ್ಲಿ ನಿಂತು ಸಿಮೆಂಟನ್ನು ಕೈಯಿಂದ ಮುಟ್ಟಿ ನೋಡಿದರು. ಇನ್ನಷ್ಟು ಉಬ್ಬಿತ್ತು.

ಉಗ್ರಾಣದಲ್ಲಿ ರಗಬ್ ಎದ್ದು ಬಂದು ಎರಡೂ ಕೆನ್ನೆಗೆ ಮುತ್ತಿಟ್ಟ. “ಬನ್ನಿ ಬನ್ನಿ ಉಸ್ತಾದ್ರೇ! ಕಚೇರಿ ಬೆಳಗಿತು ನೋಡಿ. ಕೂತ್ಕೊಳ್ಳಿ.” ಅವರನ್ನು ಎದುರುಗಡೆಯ, ತಾನು ಇಷ್ಟು ವರ್ಷ ಕೂತಿದ್ದ ಜಾಗದಲ್ಲಿ ಕೂರಿಸಿ, ಚಹಾ ಸುರಿದು ಲೋಟವನ್ನು ಮುಂದಿಟ್ಟ. ಚಹಾ ಕುಡಿಯಬಹುದೇ ಎಂದು ಬರ್ಸೂಮ್ ರಬಾಬಳನ್ನು ಕೇಳಿರಲಿಲ್ಲ. ಮುಟ್ಟದೆ ಕೂತರು.

ರಗಬ್ ಮೇಜಿನಾಚೆ ಹೋಗಿ, ಪಾಲಕರ ಕುರ್ಚಿಯ ಮೇಲೆ ಬಾಗಿ, ಒಂದೇ ಒಂದು ಸಲ ಊದಿದ. ಧೂಳು ಗುಂಪಾಗಿ ಎದ್ದು ಮೇಜಿನ ಅಂಚು ದಾಟಿತು, ನಡು ದಾಟಿತು, ನೇರ ಬರ್ಸೂಮರವರೆಗೆ ಬಂತು. ಬರ್ಸೂಮ್ ಲೋಟದ ಬಾಯಿಗೆ ಅಂಗೈ ಮುಚ್ಚಿದರು. ಹೊರಗೆ ಬೆಂಚಿನ ಮೇಲಿದ್ದ ದಾದಿಯರು ಎದ್ದು ನಿಂತರು.

ರಗಬ್ ಕೂತ. ಅವನ ಬೆನ್ನ ಹಿಂದೆ ಬೀರು, ಬೀರುವಿನ ಮೇಲೆ ಹೊಸ ಅರಗು, ಅರಗಿನ ಮೇಲೆ ರಗಬನ ಮುದ್ರೆ. ಗೆರೆ ಗೆರೆಯೂ ಮೂಡಿತ್ತು. ಒತ್ತುವುದನ್ನು ಕಲಿಸಿದವರು ಬರ್ಸೂಮರೇ. ಅವರು ಅದನ್ನೇ ಸ್ವಲ್ಪ ಹೊತ್ತು ಮೆಚ್ಚುಗೆಯಿಂದ ನೋಡಿದರು. ಆಮೇಲೆ ಧೂಳು ಇಳಿಯಲೆಂದು ಕಾದು, ಮೇಜಿನ ಮೇಲೆ ಬಾಗಿ, ದಾದಿಯರಿಗೆ ಕೇಳದ ಹಾಗೆ ಹೇಳಿದರು:

“ರಗಬ್, ನನ್ನ ಕಣ್ಣೇ… ಒಂದೇ ಒಂದ್ಸಲ ಊದ್ಲಾ? ಕೆಮ್ಮಲ್ಲ.”